ತಗೋ, ಮನಿ ಬಿಟ್ಟೆ

ಹೊಸ ಕೋಣೆಯಲ್ಲಿ ಒಂದು ಟೈಲ್ ಪೊಳ್ಳು. ಉಳಿದವೆಲ್ಲ ಕಾಲಿಟ್ಟರೆ ಸುಮ್ಮನಿರುತ್ತವೆ; ನಟ್ಟನಡುವಿನ ಅದೊಂದು ಮಾತ್ರ ‘ಟೊಕ್’ ಅನ್ನುತ್ತದೆ. ಚಿನ್ಮಯ್ ಅದನ್ನು ಕೀಳಿಸಿ ಮತ್ತೆ ಹಾಕಿಸಿದ. ಟೈಲ್ ಕೆಲಸದವನು ಮೊಣಕಾಲೂರಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಿ, ‘ಈಗ ಪಕ್ಕಾ ಆಯ್ತು ಸಾಬ್’ ಎಂದು ಹೋದ. ಒಣಗಿದ ಮೇಲೆ ನೋಡಿದರೆ ಮತ್ತದೇ ಟೊಕ್. ಚಿನ್ಮಯನಿಗೆ ಅದು ಕೆಟ್ಟ ಕೆಲಸದ ಸದ್ದು. ಅವನ ಹೆಂಡತಿ ಧಾತ್ರಿಗೆ ಹಾಗಲ್ಲ. ಕವಡೆ ಕಲ್ಲಿನ ಮೇಲೆ ಬಿದ್ದಾಗ ಹೇಗೆ ಕೇಳುತ್ತದೆಂದು ಅವಳಿಗೆ ಗೊತ್ತು.

ಧಾತ್ರಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ಮುಂಬಯಿಯಲ್ಲಿ ಇಂಥ ಕೆಲಸಗಳನ್ನು ಕೆಟ್ಟವರು ಮಾಡುವುದೇ ಇಲ್ಲ. ಒಳ್ಳೆಯವರೇ ಮಾಡುತ್ತಾರೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ, ‘ನೀವು ಮೊದಲು ಹೇಳಿ’, ‘ಇಲ್ಲ ನೀವು ಹೇಳಿ’ ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತ.

ಮೈಸೂರು ಕಡೆಯ ಮನೆತನ, ಮುಂಬಯಿಯಲ್ಲೇ ಬೆಳೆದವಳು. ದಾದರಿನ ಒಂದು ವಿಮಾ ಕಚೇರಿಯಲ್ಲಿ ಕ್ಲೇಮು ಅರ್ಜಿಗಳನ್ನು ಪರೀಕ್ಷಿಸುವ ಕೆಲಸ. ಜನ ಬರೆದ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿ ಸಂಬಳ ತರುತ್ತಾಳೆ. ಅವಳ ಬದುಕೆಲ್ಲ ಡಬ್ಬಿಗಳದ್ದು. ಬೆಳಗ್ಗೆ ಊಟದ ಡಬ್ಬಿ, ಆಮೇಲೆ ಕಾಂದಿವಲಿ ಸ್ಟೇಶನ್ನಿನಲ್ಲಿ ಲೇಡೀಸ್ ಡಬ್ಬಿ, ಮನೆಗೆ ಬಂದರೆ ಆಟದ ಡಬ್ಬಿಗಳು. ಬೋರ್ಡ್ ಗೇಮ್ ಅವಳ ಹುಚ್ಚು. ಮಕ್ಕಳಾಟವಲ್ಲ, ಊರು ಕಟ್ಟುವ, ಹಡಗು ಕಳಿಸುವ, ರಾಜ್ಯ ಗೆಲ್ಲುವ, ನಿಯಮ ಓದಲಿಕ್ಕೇ ಒಂದು ಮಧ್ಯಾಹ್ನ ಬೇಕಾಗುವ ಆಟಗಳು. ಮಂಚದ ಕೆಳಗೆ ಡಬ್ಬಿ, ವಾಷಿಂಗ್ ಮಷೀನಿನ ಮೇಲೆ ಡಬ್ಬಿ, ದೇವರ ಗೂಡಿನ ಕೆಳಗಿನ ಖಾನೆಯಲ್ಲೂ ಡಬ್ಬಿ. ಭಾನುವಾರ ಗೆಳತಿ ಯಕ್ಷಿತಾ ಮತ್ತು ಕಚೇರಿಯ ಅನುರಾಗ್ ಬರುತ್ತಾರೆ. ಇರುವುದೊಂದೇ ಊಟದ ಮೇಜು. ಆಟ ಮುಗಿಯಲಿ ಬಿಡಲಿ, ಅರ್ಧ ಕಟ್ಟಿದ ಸಾಮ್ರಾಜ್ಯವನ್ನು ಡಬ್ಬಿಗೆ ಸುರಿದು ಅಲ್ಲಿ ತಟ್ಟೆ ಇಡಬೇಕು.

ಚಿನ್ಮಯನ ಹುಚ್ಚು ಮನೆ. ಗೋಡೆಗೊಂದು ತೂತು ಕೊರೆಯದ ಭಾನುವಾರ ಅವನಿಗೆ ಭಾನುವಾರವೇ ಅಲ್ಲ. ಒಂದು ರೂಮು, ಹಾಲು, ಅಡುಗೆಮನೆಯ ನೆಲಮಹಡಿ ಫ್ಲಾಟಿನಲ್ಲಿ ಇನ್ನೇನು ಕೊರೆಯುವುದು?

“ನಿನ್ನ ಡಬ್ಬಿಗಳ ಹತ್ರ ಬಾಡಿಗೆ ವಸೂಲಿ ಮಾಡಿದ್ರೆ ನಾವು ಇಷ್ಟೊತ್ತಿಗೆ ಸಾಹುಕಾರ್ರು ಕಣೆ” ಅನ್ನುತ್ತಿದ್ದ.

“ನಿನ್ನ ಡ್ರಿಲ್ ಹತ್ರಾನೂ ಕೇಳು. ಅದು ನನ್ನ ರವೆ ಡಬ್ಬದ ಪಕ್ಕ ಹಾಯಾಗಿ ಮಲ್ಗಿದೆ.”

ಹೀಗೆ ಗಂಡನಿಗೆ ಗೋಡೆ ಸಾಲದು, ಹೆಂಡತಿಗೆ ಮೇಜು ಸಾಲದು. ಗೋಡೆಯ ಆಚೆಗಿದ್ದವಳು ಗುರುಬಾಯಿ.

ಆಚೆಗಿನದು ಪಂಪ್‌ವಾಲಾನ ಖೋಲಿ, ಒಂದೇ ಕೋಣೆ. ಗುರುಬಾಯಿಯ ಗಂಡ ಖಂಡಪ್ಪ ಶಹಾಬಾದ್ ಕಡೆಯವನು. ಈ ಬಿಲ್ಡಿಂಗ್ ಏಳುವಾಗ ಕಲ್ಲು ಕೆಲಸಕ್ಕೆ ಬಂದು, ಎದ್ದ ಮೇಲೆ ನೀರಿನ ಪಂಪು ನೋಡಿಕೊಂಡು ಇಲ್ಲೇ ಉಳಿದ. ಅವನು ತೀರಿಕೊಂಡ ಮೇಲೆ ಸೊಸೈಟಿಯವರು ವಿಧವೆಗೆ ‘ಇರು, ಮೆಟ್ಟಿಲು ಗುಡಿಸಿಕೊಂಡಿರು’ ಅಂದರು. ಬಾಯಿಮಾತಿನಲ್ಲಿ. ಖೋಲಿಯ ನೆಲಕ್ಕೆ ಖಂಡಪ್ಪ ತನ್ನೂರಿನದೇ ಶಹಾಬಾದಿ ಫರ್ಸಿಕಲ್ಲು ಹಾಕಿದ್ದ. ನಡುವಿನ ಕಲ್ಲಿನಲ್ಲಿ ಉಳಿಯಿಂದ ಒಂದು ಚೌಕ ಕೆತ್ತಿದ್ದ: ಅಡ್ಡ ಉದ್ದ ಗೆರೆ, ನಾಲ್ಕು ಬದಿಗೂ ನಡುವಿಗೂ ಕತ್ತರಿ ಗುರುತಿನ ಮನೆಗಳು.

ಒಂದು ಬೆಳಗ್ಗೆ ನೀರು ಬರಲಿಲ್ಲವೆಂದು ಕೇಳಲು ಹೋದ ಧಾತ್ರಿ ಬಾಗಿಲಲ್ಲೇ ನಿಂತುಬಿಟ್ಟಳು.

“ಇದು ಚೌಕಾಬಾರ ಅಲ್ವಾ ಗುರುಬಾಯಮ್ಮ! ನಮ್ಮಜ್ಜಿ ಅಮ್ಮಣ್ಣಿ ಸೀಮೆಸುಣ್ಣದಲ್ಲಿ ಬರ್ಕೊಂಡು ಆಡೋರು.”

“ನಿಮ್ಮ ಮೈಸೂರಾಗ ಏನರ ಅನ್ರಿ, ನಮ್ಮ ಕಡೆ ಇದು ಕಟ್ಟಿಮನಿ. ಆಡಾಕ ಬರತೈತಿ, ಇಲ್ಲಾ ಬರೀ ನೋಡಾಕ?”

ಅವತ್ತು ಆಫೀಸಿಗೆ ತಡವಾಯಿತು. ಗುರುಬಾಯಿ ಕವಡೆ ಚೆಲ್ಲಿದ ಮೊದಲ ಕೆಲವು ಗರಗಳವರೆಗೆ ‘ರೀ’ ಅನ್ನುತ್ತಿದ್ದಳು. ಧಾತ್ರಿಯ ಮೊದಲ ಕಾಯಿ ಕಡಿದಳು ನೋಡಿ, ಆ ಗಳಿಗೆಯಿಂದ ‘ನೀವು’ ಹೋಯಿತು, ‘ನೀ’ ಬಂತು. “ಹೋತು ನಿನ್ನ ಕಾಯಿ ಸುಡಗಾಡಿಗೆ! ಅಳಬ್ಯಾಡ ಧಾತ್ರವ್ವ, ತಿರಗಿ ಹುಟ್ಟತೈತಿ.”

ಆ ಆಟದ ಹೊರಸುತ್ತಿನಲ್ಲಿ ಯಾರಾದರೂ ತಿರುಗಬಹುದು. ಒಳಸುತ್ತು ದಾಟಿ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತೆಂದು ಲೆಕ್ಕ. ಆದರೆ ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಗೆ ಕಾಲಿಡುವಂತಿಲ್ಲ. ಕಡಿಸಿಕೊಂಡ ಕಾಯಿ ಹೊರಟ ಮನೆಗೆ ಹೋಗಿ ಮೊದಲಿನಿಂದ ಶುರುಮಾಡಬೇಕು. ಧಾತ್ರಿಗೆ ಕಡಿಯುವುದೇ ಆಗುತ್ತಿರಲಿಲ್ಲ. ಅವಕಾಶ ಸಿಕ್ಕರೂ ಬೇರೆ ಕಾಯಿ ನಡೆಸುತ್ತಿದ್ದಳು.

“ಕಡಿ ಅಂದ್ರ ಕಡಿಯಾಕ ಒಲ್ಲಿ. ಹೊರಗ ಗಿರಿಗಿಟ್ಲಿ ತಿರಗ್ತಿ. ಹಿಂಗಾದ್ರ ಮನಿ ಕಂಡಂಗ ಬಿಡು!”

“ಕೈ ಬರಲ್ಲ ಗುರುಬಾಯಮ್ಮ.”

“ಕೈ ಬರೂದಿಲ್ಲಂತ! ಮೆತ್ತನ್ನ ಮಂದಿ. ಮೆತ್ತನ್ನ ಮಂದಿ ಭಾಳ ಹುಷಾರ ಇರ್ತಾರವ್ವ, ನೋಡೇನಿ ನಾ.” ಹೀಗೆ ಹೇಳುತ್ತಲೇ ಅಂಗೈಯಲ್ಲಿ ಒಂದು ಕವಡೆ ಬೆರಳಿನಿಂದ ತಿರುವಿ ಹಾಕುತ್ತಿದ್ದಳು. ಮುದುಕಿ ಮೋಸ ಮಾಡುವುದರಲ್ಲಿ ಜಾಣೆ. ಕೇಳಿದರೆ “ನನ್ನ ಕಲ್ಲು, ನನ್ನ ಕವಡಿ, ನಿನಗೇನ ತ್ರಾಸು?” ಧಾತ್ರಿಯ ದುಬಾರಿ ಡಬ್ಬಿಯೊಂದನ್ನು ತೆರೆದು ನೋಡಿ, “ಇಷ್ಟ ದೊಡ್ಡ ಡಬ್ಬಿಯೊಳಗ ಬರೇ ಕಟಗಿ ತುಂಡ? ಒಲಿಗರ ಹಾಕಾಕ ಬರತಾವೇನು?” ಎಂದು ನಕ್ಕಿದ್ದಳು. ಅಷ್ಟು ಆಟಗಳಿದ್ದ ಧಾತ್ರಿಗೆ ನಿಜವಾಗಿ ಆಡಿದೆ ಅನ್ನಿಸುತ್ತಿದ್ದದ್ದು ಆ ಕಲ್ಲಿನ ಮೇಲೆ ಮಾತ್ರ.

ಆಮೇಲೆ ತಾರಸಿ ಸೋರತೊಡಗಿತು. ರಿಪೇರಿಯ ಖರ್ಚು ಯಾರು ಹೊರುತ್ತಾರೋ ಅವರಿಗೆ ಪಂಪಿನ ಖೋಲಿ ಎಂದು ಕಮಿಟಿಯಲ್ಲಿ ಮಾತು ಹುಟ್ಟಿತು. ಗೋಡೆಗೆ ಗೋಡೆ ಹೊಂದಿದ್ದವರು ಚಿನ್ಮಯನವರೇ. ಅವನು ಅದೇ ಸಂಜೆ ನಕ್ಷೆ ಬರೆದ. ಗೋಡೆ ಒಡೆದರೆ ಜೋಡಿ ಫ್ಲಾಟು. ಮೂರು ಬದಿಗೆ ಡಬ್ಬಿಗಳ ಕಪಾಟು. ಕಿಟಕಿಯ ಕಡೆಗೆ ಒಂದು ಮೇಜು, ಅದರ ಮೇಲೆ ಊಟವಿಲ್ಲ. ಶುರುಮಾಡಿದ ಆಟವನ್ನು ಹಾಗೇ ಬಿಟ್ಟು ಮುಂದಿನ ಭಾನುವಾರ ಮುಂದುವರಿಸಬಹುದು. ಗಂಡ ಹೆಂಡತಿ ಎಷ್ಟೋ ವರ್ಷಕ್ಕೆ ಒಂದೇ ವಸ್ತುವನ್ನು ಒಟ್ಟಿಗೆ ಆಸೆಪಟ್ಟರು. ತಲೆಗೆ ತಲೆ ತಾಗಿಸಿ ನಕ್ಷೆ ನೋಡಿದರು. ಅದು ಅವರ ದಾಂಪತ್ಯದ ಒಳ್ಳೆಯ ಸಂಜೆಗಳಲ್ಲಿ ಒಂದು.

“ಗುರುಬಾಯಮ್ಮ?” ಎಂದಳು ಧಾತ್ರಿ.

“ದಹಿಸರಲ್ಲಿ ಅವರಣ್ಣನ ಮಗ ಸಂಗಪ್ಪ ಇದ್ದಾನಲ್ಲ.”

ಇದ್ದಾನಲ್ಲ. ಈ ಶಹರದಲ್ಲಿ ಎಷ್ಟು ಜನರನ್ನು ಈ ಒಂದು ಪದ ಎತ್ತಿ ಹೊರಗಿಟ್ಟಿದೆಯೋ! ಬುಲ್‌ಡೋಜರಿಗೆ ಸದ್ದಾದರೂ ಇರುತ್ತದೆ. ಎಲ್ಲೋ ಒಬ್ಬ ಅಣ್ಣನ ಮಗ, ಎಲ್ಲೋ ಒಬ್ಬ ಅಳಿಯ, ಯಾವುದೋ ಗಲ್ಲಿಯಲ್ಲಿ ಯಾರೋ ಇದ್ದಾರಲ್ಲ. ನಮ್ಮ ಕೆಲಸ ಮುಗಿಯಿತು.

ಮುಂದಿನ ವಾರ ಧಾತ್ರಿ ಗುರುಬಾಯಿಯ ಖೋಲಿಯಲ್ಲಿ ಆಡುತ್ತಿದ್ದಾಗ ಚಿನ್ಮಯ್ ಅಳತೆ ಟೇಪು ಹಿಡಿದು ಬಾಗಿಲಿಗೆ ಬಂದ. ಸುಮ್ಮನೆ ನೋಡಿ ಹೋಗುತ್ತೇನೆ ಎಂದು ನಿಂತ. ಗುರುಬಾಯಿಯ ಒಂದು ಕಾಯಿ, ಯಾರೂ ಕಡಿಯಲಾಗದ ಕತ್ತರಿ ಗುರುತಿನ ಮನೆಯಲ್ಲಿ ಬಹಳ ಹೊತ್ತಿನಿಂದ ಭದ್ರವಾಗಿ ಕೂತಿತ್ತು, ಧಾತ್ರಿಯ ಕಾಯಿ ಹಿಂದೆಯೇ ಕಾದಿತ್ತು. ಗುರುಬಾಯಿಗೆ ಬೇಡದ ಗರ ಬಿತ್ತು. ಬೇರೆ ಕಾಯಿ ನಡೆಯುವಂತಿರಲಿಲ್ಲ. ಅವಳು ತನ್ನ ಕಾಯಿಯಾಗಿದ್ದ ಬಳೆಚೂರನ್ನು ಎತ್ತಿ ಮುಂದಿಟ್ಟು, ಕೈ ಝಾಡಿಸಿ ನಕ್ಕಳು:

“ತಗೋ, ಮನಿ ಬಿಟ್ಟೆ ನಾ. ಇನ್ನ ನೀನ ಇರು.”

ಟೇಪು ಸರ್ರನೆ ಸುರುಳಿ ಸುತ್ತಿಕೊಂಡ ಸದ್ದಾಯಿತು. ಧಾತ್ರಿ ತಲೆಯೆತ್ತಿ ನೋಡಿದಾಗ ಚಿನ್ಮಯ್ ಇರಲಿಲ್ಲ.

ಕಮಿಟಿಯ ಮೀಟಿಂಗು ಬಿಲ್ಡಿಂಗಿನ ಕೆಳಗೆ ಸ್ಕೂಟರುಗಳ ನಡುವೆ ನಡೆಯಿತು. ಆ ದಿನ ಗುರುಬಾಯಿ ಖೋಲಿಯಲ್ಲಿರಲಿಲ್ಲ. ಸಂಗಪ್ಪನ ಹೆಂಡತಿ ದಾನೇಶ್ವರಿಯ ಬಾಣಂತನಕ್ಕೆಂದು ದಹಿಸರಿಗೆ ಹೋಗಿದ್ದಳು. ಸೆಕ್ರೆಟರಿ ಸಾಳ್ವಿ ಸಜ್ಜನ. ಮುದುಕಿಯನ್ನು ಬೀದಿಗೆ ಹಾಕಿದರೆಂಬ ಮಾತು ಬರಬಾರದು, ಅವಳದೇ ಒಪ್ಪಿಗೆ ಇರಬೇಕು ಎಂದು ಹಟ ಹಿಡಿದಿದ್ದ.

“ಅವರೇ ಹೇಳಿದ್ದಾರೆ, ನನ್ನ ವೈಫ್ ಹತ್ರ. ನಾನೂ ಕೇಳಿದೆ” ಎಂದ ಚಿನ್ಮಯ್. ಅವನು ನಿಜವಾಗಿಯೂ ಹಾಗೇ ತಿಳಿದಿದ್ದನೋ, ಹಾಗೆ ತಿಳಿದುಕೊಳ್ಳಲು ಇಷ್ಟಪಟ್ಟಿದ್ದನೋ, ಧಾತ್ರಿ ಇವತ್ತಿಗೂ ಕೇಳಿಲ್ಲ.

ಸಾಳ್ವಿ ಅವಳ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದ. “ಮೇಡಂ, ಬುಡ್ಢಿ ಕ್ಯಾ ಬೋಲೀ? ಅಕ್ಷರ ಬಿಡದೆ ಹೇಳಿ.”

ಎಲ್ಲರೂ ನೋಡುತ್ತಿದ್ದರು. ಅದು ಆಟದ ಮಾತು ಎಂದು ಹೇಳಲು ಎಷ್ಟು ಹೊತ್ತು ಬೇಕು? ಕವಡೆ ಬಿಸಾಡುವಷ್ಟು. ಧಾತ್ರಿಯ ಕಣ್ಣ ಮುಂದೆ ಆ ಮೇಜು ಬಂತು. ಅದರ ಮೇಲೆ ಯಾರೂ ಕೆಡಿಸದೆ ಹಾಗೇ ಉಳಿದ ಅರ್ಧ ಆಟ. ಅವಳು ಗುರುಬಾಯಿಯ ಮಾತನ್ನು ಹಿಂದಿಗೆ ತಿರುಗಿಸಿ ಹೇಳಿದಳು:

“ಬೋಲೀ, ಮೈಂನೇ ಘರ್ ಛೋಡ್ ದಿಯಾ. ಅಬ್ ತುಮ್ ಹೀ ರಹೋ.”

ಪದಕ್ಕೆ ಪದ ಸರಿಯಿತ್ತು. ಒಂದಕ್ಷರ ಸುಳ್ಳಿರಲಿಲ್ಲ. ಕ್ಲೇಮು ಅರ್ಜಿಯಲ್ಲಿ ಬಂದಿದ್ದರೆ ಅವಳೇ ಠಸ್ಸೆ ಒತ್ತಿ ಕಳಿಸುತ್ತಿದ್ದಳು. ಜೀವನದಲ್ಲೇ ಅಷ್ಟು ದೊಡ್ಡ ಸುಳ್ಳನ್ನು ಅವಳು ಹೇಳಿದ್ದು ಅದೇ ಮೊದಲು.

ಬಾಣಂತನ ಮುಗಿಸಿ ಗುರುಬಾಯಿ ಬಂದಳು. ಗೇಟಿನಲ್ಲೇ ಸಾಳ್ವಿ ಮರಾಠಿಯಲ್ಲಿ ಕೇಳಿದ: ಬಾಯಿ, ನೀವೇ ಮನೆ ಬಿಟ್ಟೆ ಅಂದಿರಂತೆ, ಹೌದೆ? ಧಾತ್ರಿ ಆಗ ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ಗುರುಬಾಯಿ ಚೀಲ ಕೆಳಗಿಟ್ಟು ಅವಳನ್ನು ನೋಡಿದಳು. ಸಿಟ್ಟಿರಲಿಲ್ಲ. ಎದುರಿನವರು ಎಂಥ ಗರ ಹಾಕಿದರೆಂದು ಕವಡೆ ಎಣಿಸುವಾಗ ನೋಡುತ್ತಾಳಲ್ಲ, ಹಾಗೆ ನೋಡಿದಳು.

“ಹೌದ್ರಿ” ಎಂದಳು ಕನ್ನಡದಲ್ಲೇ. ಆಮೇಲೆ ಸಾಳ್ವಿಗಾಗಿ ಮರಾಠಿಯಲ್ಲಿ, ಅಂದದ್ದು ಖರೆ.

ಸಂಗಪ್ಪ ಟೆಂಪೊ ತಂದ. ಗಂಟು, ಗ್ಯಾಸ್ ಒಲೆ, ಖಂಡಪ್ಪನ ಫೋಟೊ. ಎಲ್ಲ ಏರಿಸಿದ ಮೇಲೆ ಗುರುಬಾಯಿ ಬಂದು ಧಾತ್ರಿಯ ಮುಂದೆ ನಿಂತಳು. “ಕವಡಿ ನಾ ಒಯ್ಯತೇನಿ. ಕಲ್ಲು ನಿಮಗಿರಲಿ ಬಾಯಾರ.”

ನಿಮಗೆ. ಬಾಯಾರ. ಮನೆಯೊಡತಿಗೆ ಅನ್ನುವ ಹಾಗೆ. ಧಾತ್ರಿಗೆ ಟೆಂಪೊ ಹೋದದ್ದು ಗೊತ್ತಾಗಲಿಲ್ಲ.

ಗೋಡೆ ಒಡೆದರು. ಮನೆ ತುಂಬ ಧೂಳು, ಅನ್ನದಲ್ಲೂ ಧೂಳು. ಕಲ್ಲು ಕೀಳುವುದು ಬೇಡ, ಮೇಲಿಂದಲೇ ಟೈಲ್ ಹಾಕಿ ಎಂದು ಧಾತ್ರಿ ಹಟ ಮಾಡಿದಳು. ಕೆಳಗೆ ಅದು ಇದ್ದರೆ ಏನೋ ಉಳಿಸಿದಂತೆ ಅನ್ನಿಸಿತ್ತು ಅವಳಿಗೆ. ಮುಚ್ಚುವುದಕ್ಕೆ ನಾವು ಇಡುವ ಒಳ್ಳೆಯ ಹೆಸರುಗಳಲ್ಲಿ ಉಳಿಸುವುದೂ ಒಂದು. ಕಪಾಟುಗಳು ಎದ್ದವು, ಮೇಜು ಬಂತು, ಅದರ ಮೇಲೊಂದು ತೂಗುದೀಪ ಇಳಿಯಿತು. ಚಿನ್ಮಯ್ ತನ್ನ ಕೈಯಾರೆ ಮಾಡಿದ ಖಾನೆಗಳ ಅಂಚು ಸವರಿ ಸವರಿ ನೋಡಿದ. ಮೇಜಿನ ಪಕ್ಕದ, ಆ ಕೆತ್ತಿದ ಕಲ್ಲಿನ ಮೇಲಿನ ಟೈಲ್ ಟೊಕ್ ಅಂದಿತು.

ದೆವ್ವ ಅಮಾವಾಸ್ಯೆಗೆ ಬರುತ್ತದೆ ಅಂತಾರೆ. ಧಾತ್ರಿಯ ದೆವ್ವ ಬೆಳಗ್ಗೆ ದಹಿಸರಿನಿಂದ ಚರ್ಚ್‌ಗೇಟ್ ಲೋಕಲ್ ಹಿಡಿದು, ಜನರ ನಡುವೆ ನಿಂತು, ಕಾಂದಿವಲಿಯಲ್ಲಿ ಇಳಿದು, ಸೆರಗು ಸಿಕ್ಕಿಸಿಕೊಂಡು ಬರತೊಡಗಿತು. ಮೆಟ್ಟಿಲು ಗುಡಿಸುವ ಕೆಲಸವನ್ನು ಸೊಸೈಟಿ ಗುರುಬಾಯಿಗೇ ಬಿಟ್ಟಿತ್ತು. ಚಿನ್ಮಯ್ ಇನ್ನೂ ಒಂದು ಉಪಕಾರ ಮಾಡಿದ. “ಪಾಪ, ಹೇಗೂ ಬರ್ತಾರೆ. ನಮ್ಮ ನೆಲಾನೂ ಒರೆಸಲಿ. ಅವರಿಗೂ ಆಧಾರ.”

ಹಾಗೆ ಗುರುಬಾಯಿ ದಿನಾ ತನ್ನ ಖೋಲಿಗೆ ಬಂದು ನೆಲ ಒರೆಸುತ್ತಾಳೆ. ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಾಳೆ. ಮೂಲೆಯಿಂದ ಒರೆಸುತ್ತ ಹಿಂದೆ ಹಿಂದೆ ಬರುತ್ತಾಳೆ. ಆ ಟೈಲ್ ಬಂದಾಗ ಬಟ್ಟೆ ಅದರ ಮೇಲೆ ಹೋಗುತ್ತದೆ, ಕಾಲು ಹೋಗುವುದಿಲ್ಲ. ನೋಡದೆಯೇ ಕಾಲೆತ್ತಿ ದಾಟುತ್ತಾಳೆ. ದಿನವೂ. ಧಾತ್ರಿ ಅಡುಗೆಮನೆಯಿಂದ ಅದನ್ನು ನೋಡಬಾರದೆಂದುಕೊಂಡೇ ನೋಡುತ್ತಾಳೆ.

ಅವಳು ಬೈದಿದ್ದರೆ! ಹಾದಿಬೀದಿಯಲ್ಲಿ ಮಣ್ಣು ತೂರಿ ಶಪಿಸಿದ್ದರೆ! ಧಾತ್ರಿ ಚಹಾ ಕೊಟ್ಟಳು, ತಾನೇ ಕುಡಿಯುವ ಪಿಂಗಾಣಿ ಲೋಟದಲ್ಲಿ. ಗುರುಬಾಯಿ ಕುಡಿದು, ತೊಳೆದು, ಬೋರಲಿಟ್ಟು ಹೋದಳು. ಒಂದು ರಜೆಯ ದಿನ ಧಾತ್ರಿ ಧೈರ್ಯ ಮಾಡಿದಳು. “ಒಂದಾಟ ಆಡೋಣ್ವಾ ಗುರುಬಾಯಮ್ಮ?”

“ಆಡಾಕ ಮನಿ ಬೇಕಲ್ರಿ ಬಾಯಾರ.”

ಭಾನುವಾರ ಯಕ್ಷಿತಾ, ಅನುರಾಗ್ ಬಂದರು. ಕೋಣೆ ನೋಡಿ ಹೊಟ್ಟೆಕಿಚ್ಚುಪಟ್ಟರು, ಸೆಲ್ಫಿ ತೆಗೆದರು. ದೊಡ್ಡ ಡಬ್ಬಿ ತೆರೆಯುವ ಬದಲು ಧಾತ್ರಿ ಯಾಕೋ ಕಾಗದದ ಮೇಲೆ ಆ ಚೌಕ ಬರೆದಳು. ಹುಣಸೆಬೀಜ ತೇದು ಕವಡೆ ಮಾಡಿದಳು.

“ಏನು ಯಾರ್, ಕಡಿಯದೆ ಒಳಗೆ ಎಂಟ್ರೀನೇ ಇಲ್ವಾ?” ಎಂದ ಅನುರಾಗ್. “ಸಖತ್ ಕ್ರೂಯಲ್ ರೂಲ್.”

“ಎಂಥ ಕ್ರೂಯಲ್ ಮಾರಾಯ?” ಎಂದಳು ಮಂಗಳೂರಿನ ಯಕ್ಷಿತಾ. “ಕಡಿಸಿಕೊಂಡದ್ದು ಸಾಯುವುದಿಲ್ಲವಲ್ಲ. ಎಲ್ಲಿಗೆ ಹೋಗುವುದು ಧಾತ್ರಿ ಅದು?”

“ಅದರ ಮನೆಗೆ” ಎಂದಳು ಧಾತ್ರಿ. ಅನುರಾಗ್ ಕುರ್ಚಿ ಸರಿಸಿದ. ಟೊಕ್.

ಮಾರನೆಯ ಬೆಳಗ್ಗೆ ಅವಳು ಗುರುಬಾಯಿಯ ದಾರಿಗೆ ಅಡ್ಡ ನಿಂತೇ ಕೇಳಿದಳು. “ಅವತ್ತು ಯಾಕೆ ಹೌದು ಅಂದ್ರಿ?”

“ಅಂದಿದ್ದೆ. ಅದಕ್ಕ ಹೌದು ಅಂದೆ.”

“ಅದು ಆಟದ ಮಾತು.”

“ನಿಮಗ ಗೊತ್ತಿತ್ತಲ್ರಿ.” ಗುರುಬಾಯಿ ಬಟ್ಟೆ ಹಿಂಡಿದಳು. ಕೊನೆಯ ಹನಿಯವರೆಗೆ ಹಿಂಡಿದಳು. “ನಾ ಇಲ್ಲ ಅಂದಿದ್ರ ಮಂದಿ ಮುಂದ ನಿಮ್ಮ ಮಾತು ಸುಳ್ಳಾಗ್ತಿತ್ತು. ಒಂದ ಗೋಡಿಗೆ ಬೆನ್ನ ಹಚ್ಚಿ ಉಂಡೇವಿ. ನನ್ನ ಬಾಯಿಂದ ಬರಲಿಲ್ಲ. ಸರೀರಿ, ನೆಲಾ ಹಸಿ ಐತಿ.”

ಧಾತ್ರಿ ಅವತ್ತೇ ನಿರ್ಧರಿಸಿದಳು, ಮುಂದಿನ ಮೀಟಿಂಗಿನಲ್ಲಿ ಹೇಳಿಬಿಡುವುದೆಂದು. ಹೇಳಿದರೆ ಆ ‘ನೀ’ ವಾಪಸು ಬರಬಹುದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ: ಮುದುಕಿ ಒಂದು ಸಲ ‘ಏ ಧಾತ್ರವ್ವ’ ಅನ್ನಬೇಕು. ಚಿನ್ಮಯನಿಗೆ ಹೇಳಲಿಲ್ಲ.

ಮತ್ತೆ ಅದೇ ಸ್ಕೂಟರುಗಳು, ಅದೇ ಕುರ್ಚಿಗಳು. ಧಾತ್ರಿ ಎದ್ದು ನಿಂತು ಹಿಂದಿಯಲ್ಲಿ ಹೇಳಿದಳು. ಗುರುಬಾಯಿ ಮನೆ ಬಿಟ್ಟೆ ಅಂದದ್ದು ಖೋಲಿಯ ಬಗ್ಗೆ ಅಲ್ಲ. ನಾವು ಆಡುತ್ತಿದ್ದೆವು. ಆಟದಲ್ಲಿ ಚೌಕಕ್ಕೂ ಮನೆ ಅಂತಾರೆ. ನನಗೆ ಆಗಲೇ ಗೊತ್ತಿತ್ತು.

“ಖೇಲ್? ಕೌನ್ಸಾ ಖೇಲ್?” ಯಾರೋ ಕೇಳಿದರು. ಯಾರೋ ನಕ್ಕರು. ಚಿನ್ಮಯನ ಮುಖ ಸುಣ್ಣದಂತಾಯಿತು. ಸಾಳ್ವಿ ನಗಲಿಲ್ಲ. ಮೆಟ್ಟಿಲ ಮೇಲಿದ್ದ ಗುರುಬಾಯಿಯನ್ನು ಕರೆದು ಕೇಳಿದ. ಅವಳು ಪೊರಕೆ ಹಿಡಿದೇ ಬಂದಳು. ಹೌದು, ಆಟದಾಗಿನ ಮಾತು, ಈ ಬಾಯಾರು ಹೇಳುವುದು ಖರೆ ಎಂದಳು ಮರಾಠಿಯಲ್ಲಿ. ಹೇಳುವಾಗ ಧಾತ್ರಿಯನ್ನು ನೋಡಿದಳು. ಆ ನೋಟದಲ್ಲಿ ಏನೋ ಕದಲಿತು. ಮೊದಲ ದಿನ ‘ಆಡಾಕ ಬರತೈತಿ?’ ಎಂದು ಕೇಳಿದಾಗ ಇದ್ದಂಥದ್ದು.

ಸಾಳ್ವಿ ಕನ್ನಡಕ ತೆಗೆದು ಒರೆಸುತ್ತ ಹಿಂದಿಯಲ್ಲೇ ಹೇಳಿದ. “ಠೀಕ್ ಹೈ ಮೇಡಂ. ತಪ್ಪಾಯಿತು, ನಮ್ಮದೂ ತಪ್ಪು. ಆದರೆ ಖೋಲಿ ಈಗ ನಿಮ್ಮ ಹೆಸರಿನಲ್ಲಿದೆ. ನೀವು ವಾಪಸು ಕೊಟ್ಟರೆ ಬಾಯಿ ನಾಳೆಯೇ ಬಂದು ಇರಲಿ. ಕಮಿಟಿಯ ಅಡ್ಡಿಯಿಲ್ಲ. ಬೋಲೋ, ದೇತೀ ಹೋ?”

ಎಲ್ಲರೂ ಅವಳನ್ನು ನೋಡಿದರು. ಗುರುಬಾಯಿಯೂ.

ಧಾತ್ರಿ ಸತ್ಯವನ್ನಷ್ಟೇ ತಂದಿದ್ದಳು. ಅದಕ್ಕೆ ಜೊತೆಯಲ್ಲಿ ಬೇರೇನಾದರೂ ಬೇಕಾಗುತ್ತದೆಂದು ಯೋಚಿಸಿರಲಿಲ್ಲ. ನಿಂತಲ್ಲಿಂದ ಅವಳ ಕಿಟಕಿ ಕಾಣುತ್ತಿತ್ತು. ಒಳಗೆ ತೂಗುದೀಪ, ಕಪಾಟಿನಲ್ಲಿ ಬಣ್ಣಬಣ್ಣದ ಡಬ್ಬಿಗಳ ಬೆನ್ನು, ಮೇಜಿನ ಮೇಲೆ ಭಾನುವಾರ ಬಿಟ್ಟ ಆಟ ಬಿಟ್ಟಂತೆಯೇ. ಚಿನ್ಮಯ್ ನೆಲ ನೋಡುತ್ತಿದ್ದ. ಅವಳ ಬಾಯಿಂದ ಬಂದ ಮಾತು ನಮ್ಮ ಇಡೀ ವರ್ಗದ ಮಾತು. ನಾವು ಮೊದಲು ಕಲಿತು ಕೊನೆಗೆ ಬಿಡುವ ಮಾತು:

“ಮನೇಲಿ ಮಾತಾಡಿ ಹೇಳ್ತೀನಿ.”

ಸಾಳ್ವಿಗೆ ಕನ್ನಡ ಅರ್ಥವಾಗಲಿಲ್ಲ. ಅವಳು ಅದನ್ನೂ ಹಿಂದಿಗೆ ತಿರುಗಿಸಬೇಕಾಯಿತು. ಸರಿ ಎಂದು ಅವನು ಮುಂದಿನ ವಿಷಯಕ್ಕೆ ಹೋದ. ತಾರಸಿ ಮತ್ತೆ ಸೋರುತ್ತಿತ್ತು.

“ಆತ್ರಿ ಬಾಯಾರ” ಎಂದಳು ಗುರುಬಾಯಿ. “ಮಾತಾಡ್ರಿ.” ಪೊರಕೆ ನೆಲಕ್ಕೆ ಕುಟ್ಟಿ ಕಡ್ಡಿ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು.

ಮನೆಯಲ್ಲಿ ಮಾತಾಡಿದರು. ಒಂದು ದಿನ ಜಗಳವಾಡಿದರು, ಒಂದು ದಿನ ಧಾತ್ರಿ ಅತ್ತಳು, ಚಿನ್ಮಯ್ ಸಮಾಧಾನ ಮಾಡಿದ. ಮಳೆಗಾಲ ಮುಗಿಯಲಿ ಅಂದ. ಮಳೆಗಾಲ ಮುಗಿಯಿತು. ಗೋಡೆ ಮತ್ತೆ ಕಟ್ಟುವುದೆಂದರೆ ಸುಮ್ಮನೆ ಆಗುತ್ತದೆಯೇ ಅಂದ. ಅದೂ ನಿಜವೇ. ಈಗಲೂ ಮಾತಾಡುತ್ತಿದ್ದಾರೆ. ಭಾನುವಾರದ ಆಟ ನಡೆದಿದೆ. ಧಾತ್ರಿ ಆ ಟೈಲ್ ಮೇಲೆ ಒಂದು ಚಾಪೆ ಹಾಸಿದ್ದಾಳೆ, ಚಾಪೆಯ ಕೆಳಗಿಂದಲೂ ಅದು ಕೇಳುತ್ತದೆ. ಆಡುವಾಗ ಈಗೀಗ ಅವಳು ಹಿಂದೆಮುಂದೆ ನೋಡದೆ ಕಡಿಯುತ್ತಾಳೆ, ಬಹಳ ಚೆನ್ನಾಗಿ ಆಡ್ತೀಯ ಎಂದು ಅನುರಾಗ್ ಹೊಗಳುತ್ತಾನೆ.

ಮೊನ್ನೆ ಬೆಳಗ್ಗೆ ಗುರುಬಾಯಿ ಒರೆಸಲೆಂದು ಚಾಪೆ ಸುತ್ತಿಟ್ಟಳು. ಧಾತ್ರಿ ಊಟದ ಡಬ್ಬಿ ಹಿಡಿದು ಅವಸರದಲ್ಲಿ ಅಡ್ಡ ಹಾಯುವಾಗ ಹೆಜ್ಜೆ ಸರಿಯಾಗಿ ಅದರ ಮೇಲೇ ಬಿತ್ತು.

ಟೊಕ್.

ಧಾತ್ರಿ ನಿಂತಳು. ಗುರುಬಾಯಿ ಕುಕ್ಕರಗಾಲಿನಲ್ಲಿ ಕೂತಲ್ಲೇ ತಲೆ ಓರೆ ಮಾಡಿ, ಕವಡೆ ಹೇಗೆ ಬಿದ್ದಿತೆಂದು ಕಿವಿಯಲ್ಲೇ ಎಣಿಸುವವಳಂತೆ ಒಂದು ಗಳಿಗೆ ಕೇಳಿದಳು. ಆಮೇಲೆ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿದಳು.

“ಗರ ಬಿತ್ತು ನೋಡ್ರಿ” ಎಂದಳು. “ಪಾಳಿ ನಿಮ್ಮದ ಐತಿ ಬಾಯಾರ, ಇನ್ನೂ.”